ಮಕ್ಕಳು, ಅತ್ತೆ-ಮಾವನ ಜೊತೆ ಒಂದೇ ದಿನದಲ್ಲಿ ಪಾಂಪೈ: ಹಿಂದಿನ ಬಾಗಿಲಿಂದ ಹೋಗಿ, ಮುಂದಿನ ಬಾಗಿಲಿಂದ ಬನ್ನಿ

ಪಾಂಪೈ ಅಂದರೆ ಸುಮಾರು ಎರಡು ಸಾವಿರ ವರ್ಷದ ಹಿಂದೆ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿ, ಆಮೇಲೆ ಅಗೆದು ತೆಗೆದ ಇಟಲಿಯ ಹಳೇ ರೋಮನ್ ಊರು. ರೋಮ್‌ಗೆ ಹೋದ ನಮ್ಮ ನೆಂಟರು, ಸ್ನೇಹಿತರಿಂದ ನನಗೆ ಬರುವ ಫೋನು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. "ಪಾಂಪೈಗೆ ಹೋಗಿದ್ವಿ ಕಣೇ, ಹನ್ನೆರಡೂವರೆಗೇ ಆಚೆ ಬಂದ್ಬಿಟ್ವಿ. ಬರೀ ಗೋಡೆ, ಬಿಸಿಲು. ಅಮ್ಮನಿಗೆ ಮಂಡಿನೋವು, ಮಗ ಅಳು." ಯಾವ ಬಾಗಿಲಿಂದ ಒಳಗೆ ಹೋದಿರಿ ಅಂತ ಕೇಳುತ್ತೇನೆ. ಸ್ಟೇಷನ್ ಪಕ್ಕದ ಬಾಗಿಲು ಅನ್ನುತ್ತಾರೆ. ನಾನೂ ಮೊದಲ ಸಲ ಅದನ್ನೇ ಮಾಡಿದ್ದೆ.

ಆ ಬಾಗಿಲಿನ ಹೆಸರು ಪೋರ್ಟಾ ಮರೀನಾ. ಒಳಗೆ ಕಾಲಿಟ್ಟ ಕೂಡಲೇ ನುಣ್ಣಗೆ ಸವೆದ ಕಲ್ಲಿನ ಏರು. ಏರು ಮುಗಿಯುವಷ್ಟರಲ್ಲಿ ಎಲ್ಲ ಟೂರ್ ಗುಂಪುಗಳೂ ಸೇರುವ ಫೋರಂ, ಅಂದರೆ ಆ ಊರಿನ ದೊಡ್ಡ ಚೌಕ. ಅಲ್ಲಿಂದ ಮುಂದೆ ಮುಂದೆ ಹೋಗುತ್ತಾ ಕೊನೆಗೆ ಊರಿನ ಇನ್ನೊಂದು ತುದಿ ಮುಟ್ಟಿದಾಗ ಬಿಸಿಲು ನೆತ್ತಿಯ ಮೇಲೆ, ಸ್ಟೇಷನ್ ಇರುವುದು ಹಿಂದೆ, ಬಂದ ದಾರಿಯನ್ನೇ ಮತ್ತೆ ಪೂರ್ತಿ ನಡೆಯಬೇಕು. ಪಾಂಪೈ ಸುಮಾರು 66 ಹೆಕ್ಟೇರ್, ಅಂದರೆ 160 ಎಕರೆ ಚಿಲ್ಲರೆ. ಅದರಲ್ಲಿ ಅಗೆದಿರುವುದು ಮೂರರಲ್ಲಿ ಎರಡು ಪಾಲು. ಲಾಲ್‌ಬಾಗ್ 240 ಎಕರೆ. ಅರ್ಧ ಲಾಲ್‌ಬಾಗನ್ನು ಮರಗಳಿಲ್ಲದೆ, ಉಬ್ಬುತಗ್ಗು ಕಲ್ಲುಚಪ್ಪಡಿಯ ಮೇಲೆ ಸುತ್ತಿದ ಹಾಗೆ ಅಂತ ಲೆಕ್ಕ ಹಾಕಿ.

ಉಪಾಯ ಇಷ್ಟೇ: ಆ ಇನ್ನೊಂದು ತುದಿಯಲ್ಲಿ ಆಂಫಿಥಿಯೇಟರ್, ಅಂದರೆ ಹಳೇ ಕಾಳಗದ ಕಣ ಇದೆ, ಅದರ ಕಡೆಯ ಬಾಗಿಲಿಂದ ಒಳಗೆ ಹೋಗಿ, ಒಂದೇ ದಿಕ್ಕಿನಲ್ಲಿ ನಡೆದು, ಸ್ಟೇಷನ್ ಪಕ್ಕದ ಬಾಗಿಲಿಂದ ಆಚೆ ಬನ್ನಿ. ಉಳಿದದ್ದೆಲ್ಲ ಇದಕ್ಕೆ ತಯಾರಿ.

ಹಂತ 1: ಮೊದಲು ಪಾಂಪೈ ಟಿಕೆಟ್, ಆಮೇಲೆ ರೈಲು

ಎಲ್ಲರೂ ಮಾಡುವ ಮೊದಲ ತಪ್ಪು ಇದೇ. ಅಗ್ಗದ ರೈಲು ಟಿಕೆಟ್ ಕಂಡಿತು ಅಂತ ಅದನ್ನು ತೆಗೆದುಕೊಂಡು, ಆಮೇಲೆ ಪಾಂಪೈ ಟಿಕೆಟ್ ಹುಡುಕಿದರೆ ಬೆಳಗಿನ ಸಮಯ ಖಾಲಿ ಇರುವುದಿಲ್ಲ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರಿಗಷ್ಟೇ ಪ್ರವೇಶ. ಟಿಕೆಟ್ ಮೇಲೆ ಹೆಸರು ಇರುತ್ತದೆ, ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಬೇಕು. ಹಾಗಾಗಿ ಮೊದಲು ಪಾಂಪೈ ಪಾರ್ಕಿನ ಅಧಿಕೃತ ಜಾಲತಾಣದಲ್ಲಿ ಬೆಳಗಿನ ಪ್ರವೇಶ ಹಿಡಿಯಿರಿ. ದರ ಆಗಾಗ ಬದಲಾಗುತ್ತದೆ, ಅಲ್ಲೇ ನೋಡಿಕೊಳ್ಳಿ.

ಪ್ರತಿಯೊಬ್ಬರ ಹೆಸರನ್ನೂ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ತುಂಬಿ. ನಮ್ಮ ಕಡೆಯ ಹಿರಿಯರ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು ಇರುತ್ತದೆ, ಮನೆಹೆಸರಿನ ಜಾಗ ಖಾಲಿ. ಫಾರಂ ಮಾತ್ರ ಖಾಲಿ ಬಿಡಲು ಒಪ್ಪುವುದಿಲ್ಲ. ನಮ್ಮ ಅತ್ತೆಯದ್ದು ಹಾಗೇ ಆಯಿತು. ಎರಡೂ ಕಡೆ ಅದೇ ಹೆಸರು ತುಂಬಿದೆವು, ಬಾಗಿಲಲ್ಲಿ ಯಾರೂ ಏನೂ ಅನ್ನಲಿಲ್ಲ.

18 ವರ್ಷದೊಳಗಿನ ಮಕ್ಕಳಿಗೆ ಉಚಿತ. ಆದರೆ ಅವರ ಹೆಸರಿನಲ್ಲೂ ಸೊನ್ನೆ ದರದ ಟಿಕೆಟ್ ಸೇರಿಸಿಕೊಳ್ಳಿ, ವಯಸ್ಸಿಗೆ ಪಾಸ್‌ಪೋರ್ಟ್ ಇಟ್ಟುಕೊಳ್ಳಿ. 18ರಿಂದ 25ರವರೆಗಿನ ರಿಯಾಯಿತಿ ಐರೋಪ್ಯ ಒಕ್ಕೂಟದ ಪ್ರಜೆಗಳಿಗೆ. ಜರ್ಮನಿಯಲ್ಲೋ ಫ್ರಾನ್ಸ್‌ನಲ್ಲೋ ಓದುತ್ತಿರುವ ಭಾರತೀಯ ಪಾಸ್‌ಪೋರ್ಟಿನ ಹುಡುಗರು ಪೂರ್ತಿ ದರ ಕೊಡಲು ತಯಾರಿರಲಿ.

ಟಿಕೆಟ್‌ನಲ್ಲಿ ಎರಡು ಬಗೆ. ಎಕ್ಸ್‌ಪ್ರೆಸ್ ಅನ್ನುವುದು ಊರೊಳಗಿಗೆ ಮಾತ್ರ. ಪ್ಲಸ್ ಅನ್ನುವುದರಲ್ಲಿ ಗೋಡೆಯಾಚೆಯ ವಿಲ್ಲಾಗಳೂ ಸೇರುತ್ತವೆ. ಕುಟುಂಬ ಸಮೇತ ಹೋಗುವವರಿಗೆ ಎಕ್ಸ್‌ಪ್ರೆಸ್ ಸಾಕು. ವಿಲ್ಲಾಗಳ ಚಿತ್ರಗಳು ಚೆನ್ನಾಗಿವೆ ನಿಜ, ಆದರೆ ಅಷ್ಟು ದೂರ ನಡೆಯುವ ಕಾಲು ಆ ಹೊತ್ತಿಗೆ ಮಕ್ಕಳಿಗೂ ಇರುವುದಿಲ್ಲ, ಅಜ್ಜ-ಅಜ್ಜಿಗೂ ಇರುವುದಿಲ್ಲ.

ದಿನದ ವಿಷಯ. ನಮ್ಮ ಶಾಲೆಗಳ ಏಪ್ರಿಲ್-ಮೇ ರಜೆ ಮತ್ತು ದಸರಾ ರಜೆ ಎರಡೂ ಇದಕ್ಕೆ ಸರಿಯಾದ ಕಾಲ. ಜುಲೈ, ಆಗಸ್ಟ್ ಬೇಡ. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ, ಅದಕ್ಕೇ ಆ ದಿನ ಹೋಗಬೇಡಿ, ಜಾತ್ರೆಯಾಗಿರುತ್ತದೆ. ಜನವರಿ 1, ಮೇ 1, ಡಿಸೆಂಬರ್ 25 ಬಾಗಿಲು ಹಾಕಿರುತ್ತದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸಂಜೆ 7ರವರೆಗೆ ತೆರೆದಿದ್ದರೆ, ಚಳಿಗಾಲದಲ್ಲಿ 5ಕ್ಕೇ ಮುಚ್ಚುತ್ತಾರೆ.

ಹಂತ 2: ರೈಲು, ಮತ್ತು ಒಂದೇ ಹೆಸರಿನ ಮೂರು ಸ್ಟೇಷನ್

ಪ್ರಯಾಣ ಎರಡು ತುಂಡು. ಮೊದಲನೆಯದು ರೋಮ್ ಟರ್ಮಿನಿಯಿಂದ ನಾಪೋಲಿ ಚೆಂತ್ರಾಲೆ. ವೇಗದ ರೈಲಾದರೆ ಒಂದು ಗಂಟೆ ಹತ್ತು ನಿಮಿಷದ ಆಸುಪಾಸು. ಬೋರ್ಡಿನಲ್ಲಿ ನೇಪಲ್ಸ್ ಅಂತ ಹುಡುಕಬೇಡಿ, ನಾಪೋಲಿ ಅಂತ ಇರುತ್ತದೆ. ಬೆಳಿಗ್ಗೆ 7ರ ಆಸುಪಾಸಿನ ರೈಲು ಹಿಡಿದರೆ ಇಡೀ ದಿನದ ಲೆಕ್ಕ ಕೂಡುತ್ತದೆ. 9ರ ರೈಲಾದರೆ ನೀವು ಬಾಗಿಲು ಮುಟ್ಟುವುದೇ ಮಧ್ಯಾಹ್ನಕ್ಕೆ.

ಎರಡನೆಯ ತುಂಡಿನಲ್ಲೇ ಜನ ದಾರಿ ತಪ್ಪುವುದು. ಪಾಂಪೈ ಹೆಸರಿನ ಸ್ಟೇಷನ್‌ಗಳು ಮೂರಿವೆ, ಸರಿಯಾಗಿ ಓದಿಕೊಳ್ಳಿ.

ಒಂದು, ಬರೀ ಪಾಂಪೈ. ಇದು ರಾಷ್ಟ್ರೀಯ ರೈಲ್ವೆಯದು, ಈಗಿನ ಊರಿನ ನಡುವೆ ಇದೆ. ಇಲ್ಲಿಂದ ದೊಡ್ಡ ಚರ್ಚಿನ ಮುಂದೆ ಹಾದು ನೇರ ನಡೆದರೆ ಕಾಲು ಗಂಟೆಯಲ್ಲಿ ಆಂಫಿಥಿಯೇಟರ್ ಬಾಗಿಲು.

ಎರಡು, ಪಾಂಪೈ ಸ್ಕಾವಿ ವಿಲ್ಲಾ ದೇಯ್ ಮಿಸ್ತೇರಿ. ಇದು ಚಿರ್ಕುಂವೆಸುವಿಯಾನಾ ಎಂಬ ಲೋಕಲ್ ರೈಲಿನ ಸೊರೆಂಟೋ ಮಾರ್ಗದಲ್ಲಿದೆ. ಪೋರ್ಟಾ ಮರೀನಾ ಬಾಗಿಲು ಇದರ ಪಕ್ಕದಲ್ಲೇ.

ಮೂರು, ಪಾಂಪೈ ಸಾಂತುವಾರಿಯೋ. ಇದೂ ಅದೇ ಲೋಕಲ್ ರೈಲಿನದು, ಆದರೆ ಪೊಜ್ಜೋಮರೀನೋ ಕಡೆಗೆ ಹೋಗುವ ಬೇರೆ ಮಾರ್ಗ.

ಹೋಗುವಾಗ ಒಂದನೆಯದು, ಬರುವಾಗ ಎರಡನೆಯದು. ಇದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ನಾಪೋಲಿಯಿಂದ ಎರಡಕ್ಕೂ ಮುಕ್ಕಾಲು ಗಂಟೆಯೊಳಗೆ ತಲುಪಬಹುದು. ರಾಷ್ಟ್ರೀಯ ರೈಲ್ವೆಯ ರೀಜನಲ್ ರೈಲು ಲೋಕಲ್‌ನಷ್ಟು ತುಂಬಿರುವುದಿಲ್ಲ, ಹಿರಿಯರಿಗೆ ಕೂರಲು ಜಾಗ ಸಿಗುತ್ತದೆ. ಆದರೆ ಲೋಕಲ್‌ನಷ್ಟು ಪದೇ ಪದೇ ಇರುವುದಿಲ್ಲ, ಹಾಗಾಗಿ ಹಿಂದಿನ ರಾತ್ರಿ ಆ ದಿನದ ಸಮಯ ನೋಡಿಕೊಳ್ಳಿ. ಕಾಗದದ ಟಿಕೆಟ್ ತೆಗೆದುಕೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮ್ ಹತ್ತಿರದ ಸಣ್ಣ ಯಂತ್ರದಲ್ಲಿ ತೂರಿಸಿ ಮುದ್ರೆ ಒತ್ತಿಸಿ. ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ ಕಟ್ಟಬೇಕಾದೀತು.

ಎರಡನೇ ಸಲ ಹೋದಾಗ ಬೋರ್ಡಿನಲ್ಲಿ ಕೊನೆಯ ಊರು ನೋಡದೆ ಬಂದ ಲೋಕಲ್‌ಗೆ ಹತ್ತಿಬಿಟ್ಟಿದ್ದೆವು. ಅದು ಪೊಜ್ಜೋಮರೀನೋದ್ದು. ಸಾಂತುವಾರಿಯೋದಲ್ಲಿ ಇಳಿದು, ಯಜಮಾನರು ಗೊಣಗುತ್ತಾ ಮಗಳನ್ನು ಹೆಗಲ ಮೇಲೆ ಹೊತ್ತು ನಡೆದು ಸೇರಿದ್ದೇ ಆಂಫಿಥಿಯೇಟರ್ ಬಾಗಿಲಿಗೆ. ಅಲ್ಲಿ ಸಾಲೇ ಇರಲಿಲ್ಲ! ಈ ಹಿಂದಿನ ಬಾಗಿಲ ಉಪಾಯ ನಮಗೆ ಗೊತ್ತಾಗಿದ್ದು ಹೀಗೆ.

ವಾಪಸ್ ರೋಮ್ ಟಿಕೆಟ್ ತೆಗೆದುಕೊಳ್ಳುವಾಗ ಜಿಪುಣತನ ಬೇಡ. ಅಗ್ಗದ ಟಿಕೆಟ್ ಆ ಒಂದು ರೈಲಿಗೇ ಸೀಮಿತ. ಬದಲಾಯಿಸಲು ಆಗುವಂಥದ್ದು ತೆಗೆದುಕೊಳ್ಳಿ, ಅಥವಾ ಪಾಂಪೈ ಬಿಡುವ ಹೊತ್ತಿಗೂ ನಾಪೋಲಿಯ ರೈಲಿಗೂ ನಡುವೆ ಎರಡು ಗಂಟೆ ಇರಲಿ.

ಹಂತ 3: ಚೀಲದಲ್ಲಿ ಏನು, ಏನು ಬೇಡ

30×30×15 ಸೆಂಟಿಮೀಟರ್‌ಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ದೊಡ್ಡದಿದ್ದರೆ ಬಾಗಿಲ ಬಳಿ ಇಡಲು ಜಾಗವಿದೆ, ಆದರೆ ನಾವು ಒಂದು ಬಾಗಿಲಿಂದ ಹೋಗಿ ಇನ್ನೊಂದರಿಂದ ಬರುವವರು, ಇಟ್ಟ ಚೀಲಕ್ಕಾಗಿ ಮತ್ತೆ ಊರು ಸುತ್ತಬೇಕಾಗುತ್ತದೆ. ಆದ್ದರಿಂದ ಒಬ್ಬೊಬ್ಬರಿಗೆ ಒಂದು ಸಣ್ಣ ಚೀಲ, ಅಷ್ಟೇ.

ಶೂ ವಿಷಯದಲ್ಲಿ ರಾಜಿ ಇಲ್ಲ. ಚಪ್ಪಲಿ, ಕ್ರಾಕ್ಸ್ ಎರಡೂ ಬೇಡ. ಕಲ್ಲು ನುಣುಪು, ಸಂದಿ ಅಗಲ, ಕಾಲು ಹೊರಳುವುದು ಅಲ್ಲೇ. ನಮ್ಮ ಅತ್ತೆ ಸೀರೆಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು, ನೆರಿಗೆ ಒಂದು ಇಂಚು ಮೇಲೆತ್ತಿ ಉಟ್ಟು, ನನಗಿಂತ ಸಲೀಸಾಗಿ ನಡೆದರು. ಮಂಡಿನೋವಿನವರಿಗೆ ಒಂದು ಊರುಗೋಲು. ಬಿಸಿಲಿಗೆ ನಮ್ಮ ಮಡಚುವ ಛತ್ರಿಯೇ ಟೋಪಿಗಿಂತ ವಾಸಿ.

ಪುಟ್ಟ ಮಗುವಿದ್ದರೆ ತಳ್ಳುಗಾಡಿ ಬೇಡ, ಎದೆಗೆ ಕಟ್ಟಿಕೊಳ್ಳುವ ಚೀಲ ತನ್ನಿ. ಗಾಡಿ ಬೇಕೇ ಬೇಕು ಅಂದರೆ, ಅಥವಾ ವೀಲ್‌ಚೇರ್‌ನಲ್ಲಿ ಇರುವವರು ಜೊತೆಗಿದ್ದರೆ, ಅವರಿಗಾಗಿಯೇ ಸಮತಟ್ಟು ಮಾಡಿದ ಮೂರು ಕಿಲೋಮೀಟರ್‌ಗಿಂತ ಉದ್ದದ ದಾರಿ ಇದೆ. ಅದೂ ಶುರುವಾಗುವುದು ಆಂಫಿಥಿಯೇಟರ್ ಬಾಗಿಲಿಂದಲೇ.

ನೀರಿನ ಬಾಟಲಿ ತಲೆಗೊಂದು, ಖಾಲಿ ಇದ್ದರೂ ಪರವಾಗಿಲ್ಲ, ಒಳಗೆ ಅಲ್ಲಲ್ಲಿ ಕುಡಿಯುವ ನೀರಿನ ನಲ್ಲಿಗಳಿವೆ. ಓಆರ್‌ಎಸ್ ಪುಡಿ ನಾಲ್ಕು ಪೊಟ್ಟಣ. ತಿನ್ನಲು ಚಪಾತಿ ಸುರುಳಿ, ಚಟ್ನಿಪುಡಿ, ಕೋಡುಬಳೆ. ಪುಳಿಯೋಗರೆಯೂ ತಡೆಯುತ್ತದೆ. ಮೊಸರನ್ನ ಬೇಡ, ಆ ಬಿಸಿಲಿಗೆ ಹತ್ತು ಗಂಟೆಗೇ ಹುಳಿಯಾಗುತ್ತದೆ. ತಿನ್ನುವುದು ಕೆಫೆಯ ಹತ್ತಿರ ಇಲ್ಲವೇ ಕೂರಲು ಬಿಟ್ಟ ಜಾಗದಲ್ಲಿ ಮಾತ್ರ. ಹಳೇ ಗೋಡೆಯ ಮೇಲೆ ಡಬ್ಬಿ ಬಿಚ್ಚಿದರೆ ಸೀಟಿ ಊದುತ್ತಾರೆ, ಊದಬೇಕಾದ್ದೇ.

ಪಾಸ್‌ಪೋರ್ಟುಗಳು ಒಬ್ಬರ ಹತ್ತಿರ, ಬಟ್ಟೆಯೊಳಗಿನ ಚೀಲದಲ್ಲಿ. ಲೋಕಲ್ ರೈಲಿನಲ್ಲಿ ಜೇಬುಗಳ್ಳರ ಕಾಟ ಇದೆ. ಬೆನ್ನಿನ ಚೀಲವನ್ನು ಎದೆಗೆ ಹಾಕಿಕೊಳ್ಳಿ.

ಹಂತ 4: ಬಾಗಿಲಲ್ಲಿ ಹತ್ತು ನಿಮಿಷ

ಒಳಗೆ ಹೋಗುವ ಮೊದಲು ಎಲ್ಲರೂ, ಬೇಡ ಅನ್ನುವವರೂ, ಶೌಚಾಲಯಕ್ಕೆ ಹೋಗಿ ಬನ್ನಿ. ಒಳಗೆ ಕಡಿಮೆ. ಆಮೇಲೆ ನಕ್ಷೆ ಕೇಳಿ ಪಡೆಯಿರಿ.

ನಕ್ಷೆ ಓದುವುದು ಸುಲಭ. ಊರನ್ನು 9 ವಿಭಾಗ ಮಾಡಿ, ಪ್ರತಿ ವಿಭಾಗದಲ್ಲಿ ಬ್ಲಾಕ್, ಬ್ಲಾಕಿನಲ್ಲಿ ಬಾಗಿಲು ನಂಬರ್ ಕೊಟ್ಟಿದ್ದಾರೆ. ನಮ್ಮ ಜಯನಗರದ ವಿಳಾಸದ ಥರವೇ, ಬ್ಲಾಕು, ಮೇನು, ಕ್ರಾಸು. ನಾಯಿಯ ಮೊಸಾಯಿಕ್ (ಸಣ್ಣ ಕಲ್ಲಿನ ಚೂರು ಜೋಡಿಸಿ ಮಾಡಿದ ಚಿತ್ರ) ಇರುವ ಮನೆ 6ನೇ ವಿಭಾಗ, 8ನೇ ಬ್ಲಾಕ್, 3ನೇ ಬಾಗಿಲು. ವಿಭಾಗದ ನಂಬರ್ ಮಾತ್ರ ಗಡಿಯಾರದಲ್ಲಿರುವಂಥ ರೋಮನ್ ಅಂಕಿಯಲ್ಲಿ ಇರುತ್ತದೆ. ಈ ವಿಳಾಸ ಹುಡುಕುವ ಕೆಲಸವನ್ನು ಹತ್ತು ವರ್ಷದ ಮಕ್ಕಳ ಕೈಗೆ ಕೊಟ್ಟುಬಿಡಿ, ಅರ್ಧ ಅಳು ಅಲ್ಲೇ ನಿಲ್ಲುತ್ತದೆ.

ಎಲ್ಲ ಮನೆಗಳೂ ಎಲ್ಲ ದಿನವೂ ತೆರೆದಿರುವುದಿಲ್ಲ. ಇವತ್ತು ಯಾವುದು ಮುಚ್ಚಿದೆ ಅಂತ ಬಾಗಿಲಲ್ಲೇ ಕೇಳಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅನ್ನುವುದನ್ನೂ ಈಗಲೇ ಹೇಳಿಡಿ. ನಮ್ಮದು ಫೋರಂ ಪಕ್ಕದ ಕೆಫೆ.

ಹಂತ 5: ಒಳಗಿನ ದಾರಿ, ಒಂದೇ ದಿಕ್ಕು

ಇಲ್ಲಿ ನಾಲ್ಕು ಗಂಟೆ ಬೇಕು. ಎಲ್ಲಾ ನೋಡುತ್ತೇನೆ ಅನ್ನುವವರು ಬೇರೆ ದಿನ ಒಬ್ಬರೇ ಬರಲಿ.

ಮೊದಲು ಆಂಫಿಥಿಯೇಟರ್. ಕಣಕ್ಕೆ ಇಳಿಯುವ ಸುರಂಗದಲ್ಲಿ ತಂಪು, ಮಕ್ಕಳು ಓಡಿ ಸುಸ್ತಾಗಲಿ, ಇಪ್ಪತ್ತು ನಿಮಿಷ ಸಾಕು. ಪಕ್ಕದಲ್ಲೇ ಹಳೇ ವ್ಯಾಯಾಮದ ಬಯಲು, ಮರದ ನೆರಳಿದೆ. ಹಿರಿಯರು ಇಲ್ಲಿ ಕೂರಬಹುದು.

ಅವರು ಕೂತಿರುವಾಗ ದೊಡ್ಡವರು ಒಂದು ನಿರ್ಧಾರ ಮಾಡಬೇಕು. ಹತ್ತಿರದಲ್ಲೇ ಓಡಿಹೋದವರ ತೋಟ ಅಂತ ಕರೆಯುವ ಜಾಗವಿದೆ. ಬೂದಿಯಲ್ಲಿ ಸಿಕ್ಕಿ ಸತ್ತ 13 ಜನರ ಅಚ್ಚುಗಳನ್ನು ಅವರು ಬಿದ್ದಲ್ಲೇ ಗಾಜಿನ ಹಿಂದೆ ಇಟ್ಟಿದ್ದಾರೆ, ಅವರಲ್ಲಿ ಮಕ್ಕಳೂ ಇದ್ದಾರೆ. ದೇಹ ಕರಗಿ ಉಳಿದ ಟೊಳ್ಳಿಗೆ ಪ್ಲಾಸ್ಟರ್ ಸುರಿದು ತೆಗೆದ ಆಕಾರಗಳು ಅವು. ನನ್ನ ಮಗಳು ಆರು ವರ್ಷದವಳಿದ್ದಾಗ ಕರೆದುಕೊಂಡು ಹೋಗಿ ತಪ್ಪು ಮಾಡಿದೆ, ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಹತ್ತು ದಾಟಿದ ಮಕ್ಕಳಿಗೆ ಮುಂಚೆಯೇ ವಿಷಯ ಹೇಳಿ ಕರೆದುಕೊಂಡು ಹೋಗಿ. ಚಿಕ್ಕವರನ್ನು ಅಜ್ಜಿಯ ಹತ್ತಿರ ಬಿಡಿ.

ಆಮೇಲೆ ವಿಯಾ ದೆಲ್ಲಾಬ್ಬೊಂದಾಂತ್ಸಾ, ಊರಿನ ಪೇಟೆ ಬೀದಿ. ಇದನ್ನು ಹಿಡಿದು ಪಶ್ಚಿಮಕ್ಕೆ ನಡೆಯುತ್ತಾ ಹೋದರೆ ಫೋರಂ ಸಿಗುತ್ತದೆ. ನಿಧಾನ ಮಾಡಬೇಕಾದ್ದು ಈ ಬೀದಿಯಲ್ಲಿ.

ವೆಟೂಟಿಯಸ್ ಪ್ಲಾಸಿಡಸ್‌ನ ಊಟದಂಗಡಿ ಮುಂದೆ ನಿಲ್ಲಿ. ಬೀದಿಗೆ ಮುಖ ಮಾಡಿದ ಕಟ್ಟೆ, ಕಟ್ಟೆಯಲ್ಲಿ ಹೂತ ದೊಡ್ಡ ಮಡಕೆಗಳ ಬಾಯಿ. ನಮ್ಮ ದರ್ಶಿನಿ ಕೌಂಟರ್ ನೋಡಿದ ಹಾಗೇ ಇದೆ. ಅದರ ಹಿಂದಿನ ಗೋಡೆಯಲ್ಲಿ ದೇವರ ಗೂಡು, ವ್ಯಾಪಾರದ ದೇವರು, ದ್ರಾಕ್ಷಾರಸದ ದೇವರು, ಕೆಳಗೆ ಎರಡು ಹಾವು. ನಮ್ಮ ಮಾವ ಇಲ್ಲಿಯತನಕ ಒಂದು ಮಾತೂ ಆಡಿರಲಿಲ್ಲ. ಆ ಹಾವು ನೋಡಿದ್ದೇ, "ಇವರೂ ನಾಗಪ್ಪನ್ನ ಇಟ್ಕೊಂಡಿದ್ರಾ?" ಅಂತ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅಲ್ಲಿಂದ ಮುಂದೆ ಪ್ರತಿ ಅಂಗಡಿಯಲ್ಲೂ ಗೂಡು ಹುಡುಕಿದ್ದು ಅವರೇ.

ಅದೇ ಬೀದಿಯಲ್ಲಿ ಸ್ಟೆಫನಸ್‌ನ ಬಟ್ಟೆ ಒಗೆಯುವ ಅಂಗಡಿ. ಆಗ ಬಟ್ಟೆಗೆ ಸೋಪು ಹಾಕುತ್ತಿರಲಿಲ್ಲ, ಮೂತ್ರ ಬೆರೆಸಿದ ನೀರಿನಲ್ಲಿ ಕಾಲಿಂದ ತುಳಿಯುತ್ತಿದ್ದರು. ಇದನ್ನು ಮಕ್ಕಳಿಗೆ ಹೇಳಿ ನೋಡಿ, ಸಂಜೆಯವರೆಗೆ ಅದೇ ಮಾತು.

ದಾರಿ ದಾಟುವ ಎತ್ತರದ ಕಲ್ಲುಗಳನ್ನೂ ತೋರಿಸಿ. ಬೀದಿಯಲ್ಲಿ ಹರಿಯುವ ಕೊಳಕು ನೀರು ಕಾಲಿಗೆ ತಾಗದಿರಲೆಂದು ಜನ ಇವುಗಳ ಮೇಲೆ ಹೆಜ್ಜೆ ಇಟ್ಟು ದಾಟುತ್ತಿದ್ದರು, ನಡುವಿನ ಸಂದಿಯಲ್ಲಿ ಗಾಡಿಯ ಚಕ್ರ. ಚಕ್ರ ಕೊರೆದ ಜಾಡು ಇನ್ನೂ ಇದೆ. ಎಚ್ಚರಿಕೆ: ಈ ಜಾಡಿನಲ್ಲೇ ಕಾಲು ಸಿಕ್ಕುವುದು, ಫೋಟೋ ತೆಗೆಯುತ್ತಾ ನಡೆಯಬೇಡಿ. ಮೂಲೆಯ ನೀರಿನ ತೊಟ್ಟಿ ಸಿಕ್ಕಿದಾಗ ಅಂಚು ಮುಟ್ಟಿ ನೋಡಿ. ನೀರು ಕುಡಿಯಲು ಬಗ್ಗುವಾಗ ಜನ ಕೈಯೂರಿ ಊರಿ ಕಲ್ಲು ಗುಳಿ ಬಿದ್ದಿದೆ. ನಿಮ್ಮ ಅಂಗೈ ಸರಿಯಾಗಿ ಅಲ್ಲಿ ಕೂರುತ್ತದೆ.

ಸ್ತಬಿಯನ್ ಸ್ನಾನಗೃಹ ಬಿಸಿಲಿಂದ ತಪ್ಪಿಸಿಕೊಳ್ಳುವ ಜಾಗ. ಬಟ್ಟೆ ಇಡುವ ಗೂಡುಗಳು, ಬಿಸಿಗಾಳಿ ಹರಿಯಲು ಸಣ್ಣ ಕಂಬಗಳ ಮೇಲೆ ಎತ್ತರಿಸಿದ ನೆಲ, ನೋಡುತ್ತಾ ಇಲ್ಲೇ ನೀರು ಕುಡಿಯಿರಿ. ಇದರ ಹಿಂದಿನ ಓಣಿಯಲ್ಲಿ ದೊಡ್ಡ ಸಾಲು ಕಂಡರೆ ಸುಮ್ನೆ ಸೇರಿಕೊಳ್ಳಬೇಡಿ. ಅದು ಸೂಳೆಗೇರಿಯ ಮನೆ, ಗೋಡೆಯಲ್ಲಿ ಚಿತ್ರಗಳಿವೆ. ಅತ್ತೆ-ಮಾವನ ಪಕ್ಕ ನಿಂತು ಅದನ್ನು ನೋಡುವ ಧೈರ್ಯ ನನಗಂತೂ ಇಲ್ಲ.

ಅಲ್ಲಿಂದ ಹತ್ತಿರದಲ್ಲೇ ಬೇಕರಿಗಳು. ಆಳೆತ್ತರದ ಬೀಸುವ ಕಲ್ಲು, ಕತ್ತೆ ಕಟ್ಟಿ ತಿರುಗಿಸುತ್ತಿದ್ದದ್ದು. ಮೊಡೆಸ್ಟಸ್ ಎಂಬುವನ ಬೇಕರಿಯ ಒಲೆಯಲ್ಲಿ 81 ರೊಟ್ಟಿಗಳು ಕರಿಕಲಾಗಿ ಸಿಕ್ಕಿದ್ದವು.

ಫೋರಂ ಮುಟ್ಟುವಾಗ ಒಂದು ಗಂಟೆ ಹೊತ್ತು. ಮೊದಲು ಊಟ, ಆಮೇಲೆ ಫೋಟೋ. ಇದನ್ನು ತಿರುಗಾಮುರುಗಾ ಮಾಡಿದವರ ಮನೆಯಲ್ಲಿ ಜಗಳ ಖಾತ್ರಿ. ಕೆಫೆ ಫೋರಂನ ಉತ್ತರಕ್ಕಿದೆ. ಊಟ ಆದಮೇಲೆ ಹತ್ತಿರದ ಎರಡೇ ಮನೆ ನೋಡಿ: ಬಾಗಿಲಲ್ಲೇ ಸರಪಳಿ ಹಾಕಿದ ನಾಯಿಯ ಮೊಸಾಯಿಕ್ ಇರುವ, ನಾಯಿ ಇದೆ ಎಚ್ಚರಿಕೆ ಎಂದು ಬರೆದ ಮನೆ, ಮತ್ತು ಫೌನ್ ಎಂಬ ಕಾಡುದೇವತೆಯ ಹೆಸರಿನ ಫೌನ್ ಮನೆ. ಫೌನ್ ಮನೆಯಲ್ಲಿರುವ ಅಲೆಕ್ಸಾಂಡರ್ ಮೊಸಾಯಿಕ್ ನಕಲು. ಮೂಲ ಇರುವುದು ನಾಪೋಲಿಯ ಮ್ಯೂಸಿಯಂನಲ್ಲಿ. ಪಾಂಪೈಯಲ್ಲಿ ಸಿಕ್ಕ ಭಾರತದ ದಂತದ ಗೊಂಬೆ, ಲಕ್ಷ್ಮಿ ಅಂತ ಹೆಸರಾದದ್ದು, ಅದೂ ಅಲ್ಲೇ. ಇಲ್ಲಿ ಹುಡುಕಬೇಡಿ. ಇದೇ ದಿನ ಮ್ಯೂಸಿಯಂ ಕೂಡ ಮುಗಿಸೋಣ ಅಂತಲೂ ಹೊರಡಬೇಡಿ, ಅದಕ್ಕೆ ಇನ್ನೊಂದು ದಿನ ಇಡಿ. ಮಂಗಳವಾರ ಅದಕ್ಕೆ ರಜೆ.

ಹಂತ 6: ಈ ಲಕ್ಷಣ ಕಂಡರೆ ಅಲ್ಲೇ ನಿಲ್ಲಿಸಿ

ಹಿರಿಯರು ಮಾತು ನಿಲ್ಲಿಸಿದರೆ ಗಮನಿಸಿ. ನಮ್ಮವರು ಸುಸ್ತಾಗಿದೆ ಅಂತ ಬಾಯಿಬಿಟ್ಟು ಹೇಳುವುದಿಲ್ಲ, "ನೀವು ನೋಡ್ಕೊಂಡ್ ಬನ್ನಿ, ನಾನಿಲ್ಲೇ ಇರ್ತೀನಿ" ಅನ್ನುತ್ತಾರೆ. ಹಾಗಂದರೆ ಎಲ್ಲರೂ ಹದಿನೈದು ನಿಮಿಷ ಕೂರಬೇಕು ಅಂತ ಅರ್ಥ. ಮಗು ನೀರೇ ಬೇಡ ಅಂದರೆ, ಮುಖ ಕೆಂಪಾಗಿ ತಲೆನೋವು ಅಂದರೆ ನೆರಳಿಗೆ ಕರೆದುಕೊಂಡು ಹೋಗಿ, ಕತ್ತು, ಕಂಕುಳು ಒದ್ದೆ ಮಾಡಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ವಾಂತಿ, ತಡವರಿಸುವ ಮಾತು, ಬಿಸಿಲಲ್ಲೂ ಬೆವರದ ಮೈ, ಇವು ಕಂಡರೆ ಕಾಯಬೇಡಿ. 112ಕ್ಕೆ ಫೋನ್ ಮಾಡಿ, ಹತ್ತಿರದ ಕಾವಲುಗಾರರನ್ನು ಕೂಗಿ.

ಹಂತ 7: ಆಚೆ ಬರುವುದು

ಫೋರಂನಿಂದ ಪೋರ್ಟಾ ಮರೀನಾಗೆ ಇಳಿಯುವ ದಾರಿ ಚಿಕ್ಕದು, ಆದರೆ ಕಡಿದು, ಕಲ್ಲು ಗಾಜಿನ ಹಾಗೆ. ಮಳೆ ಬಂದಿದ್ದರೆ ಜಾರುತ್ತದೆ. ಹಿರಿಯರು ಗೋಡೆ ಹಿಡಿದು ಬದಿಯಲ್ಲಿ ಇಳಿಯಲಿ. ಮಂಡಿ ಆಗದಿದ್ದರೆ ಆಂಟಿಕ್ವೇರಿಯಂ ಎಂಬ ಸಣ್ಣ ಮ್ಯೂಸಿಯಂ ಕಡೆ ಲಿಫ್ಟ್ ಇದೆ, ಕೇಳಿದರೆ ತೋರಿಸುತ್ತಾರೆ.

ಒಮ್ಮೆ ಆಚೆ ಬಂದರೆ ಅದೇ ಟಿಕೆಟ್‌ನಲ್ಲಿ ಮತ್ತೆ ಒಳಗೆ ಹೋಗಬಹುದು ಅಂತ ಲೆಕ್ಕ ಹಾಕಬೇಡಿ. ಶೌಚಾಲಯ, ನೀರು, ತಲೆ ಎಣಿಕೆ ಎಲ್ಲ ಒಳಗೇ ಮುಗಿಸಿ. ಸ್ಟೇಷನ್ ಮುಂದೆ ವೆಸೂವಿಯಸ್ ಬೆಟ್ಟಕ್ಕೆ ಈಗಲೇ ಹೋಗೋಣ ಬನ್ನಿ ಅಂತ ಕರೆಯುತ್ತಾರೆ. ಕಾಲು ಏನು ಹೇಳುತ್ತದೆ ಕೇಳಿ, ಆಮೇಲೆ ಉತ್ತರ ಕೊಡಿ.

ನಾಪೋಲಿ ಕಡೆಯ ಪ್ಲಾಟ್‌ಫಾರ್ಮ್‌ನಲ್ಲೇ ನಿಂತಿದ್ದೀರಾ ಅಂತ ನೋಡಿ, ಎದುರಿನದು ಸೊರೆಂಟೋಗೆ ಹೋಗುತ್ತದೆ. ಇಳಿಯಬೇಕಾದದ್ದು ಗರಿಬಾಲ್ದಿ. ಅದರ ಮುಂದಿನ ನಿಲ್ದಾಣ ಪೋರ್ಟಾ ನೊಲಾನಾ, ಅಲ್ಲಿಗೆ ರೈಲು ಮುಗಿಯುತ್ತದೆ. ಗರಿಬಾಲ್ದಿಯಿಂದ ಮೆಟ್ಟಿಲು ಹತ್ತಿದರೆ ನಾಪೋಲಿ ಚೆಂತ್ರಾಲೆ. ಟಿಕೆಟ್ ಬಿಸಾಡಬೇಡಿ, ಹೊರಗೆ ಬರುವ ಗೇಟಿನಲ್ಲೂ ಬೇಕಾಗಬಹುದು. ರೋಮ್ ರೈಲಿಗೆ ಒಂದು ಗಂಟೆ ಉಳಿದಿದ್ದರೆ ಎದುರಿನ ಬೀದಿಗಳಲ್ಲಿ ಮಾರ್ಗರೀಟಾ ಪಿಜ್ಜಾ ತಿನ್ನಿ, ಟೊಮೇಟೊ, ಚೀಸ್, ತುಳಸಿಯ ಜಾತಿಯ ಎಲೆ, ಮೇಲೆ ಮಾಂಸ ಇರುವುದಿಲ್ಲ. ನಮ್ಮ ಮಾವ ಅದರ ಮೇಲೂ ಚಟ್ನಿಪುಡಿ ಉದುರಿಸಿಕೊಂಡು ತಿಂದರು.